ಬಿಸಿಲಿಗೆ ಕಂದಿದ ವೀನಸ್ ಫ್ಲೈಟ್ರ್ಯಾಪ್: ತಮ್ಮ ಪ್ರಶ್ನೆಗೆ ಉತ್ತರ

ನಮಸ್ಕಾರ. ಕೊರಿಯರ್‌ನಲ್ಲಿ ಬಂದ ಕೀಟ ಹಿಡಿದು ತಿನ್ನುವ ಗಿಡಗಳಾದ ವೀನಸ್ ಫ್ಲೈಟ್ರ್ಯಾಪ್ ಮತ್ತು ಹೂಜಿ ಗಿಡವನ್ನು (ನೆಪೆಂಥಿಸ್) ಅದೇ ದಿನ ಬೆಂಗಳೂರಿನ ತಾರಸಿಯಲ್ಲಿ ಇಟ್ಟೆ, ಮೂರೇ ದಿನಕ್ಕೆ ಎಲೆಗಳು ಕಂದಿದವು, ನಮ್ಮ ಏಪ್ರಿಲ್ ಬಿಸಿಲು ಇವಕ್ಕೆ ಆಗುವುದೇ ಇಲ್ಲವೇ ಎಂದು ಕೇಳಿದ್ದೀರಿ. ಫ್ಲೈಟ್ರ್ಯಾಪ್‌ಗೆ ಖಂಡಿತ ಆಗುತ್ತದೆ. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಬಯಲು ಜೌಗಿನಲ್ಲಿ, 30 ಡಿಗ್ರಿ ದಾಟುವ ಬೇಸಿಗೆಯಲ್ಲಿ, ನೇರ ಬಿಸಿಲಿನಲ್ಲೇ ಬೆಳೆಯುವ ಗಿಡವದು.

ತಮ್ಮ ಗಿಡ ಕಂದಿದ್ದಕ್ಕೆ ಕಾರಣ ಅದರ ಎಲೆಗಳು ಹುಟ್ಟಿದ ಜಾಗ. ನೆರಳಿನಲ್ಲೋ ಟ್ಯೂಬ್‌ಲೈಟಿನ ಕೆಳಗೆ ಸಸಿ ಬೆಳೆಸುವ ಬಾಟಲಿಯಲ್ಲೋ ಮೂಡಿದ ಎಲೆ ತೆಳುವಾಗಿರುತ್ತದೆ, ಅದರ ಮೇಣದ ಪದರವೂ ತೆಳು. ಅಂಥ ಎಲೆ ಆಮೇಲೆ ಪೂರ್ಣ ಬಿಸಿಲಿನ ಎಲೆಯಾಗುವುದಿಲ್ಲ. ಬಿಸಿಲಿಗೆ ಒಗ್ಗಿಸುವುದೆಂದರೆ, ಹಳೆಯ ಎಲೆಗಳನ್ನು ಆದಷ್ಟು ಕಾಪಾಡಿಕೊಳ್ಳುತ್ತ, ಬೆಳಕಿನಲ್ಲೇ ಹುಟ್ಟುವ ಹೊಸ ಎಲೆಗಳು ಬರುವ ತನಕ ಗಿಡಕ್ಕೆ ಸಮಯ ಕೊಡುವುದು. ಆದ್ದರಿಂದ ಕಂದಿದ ಎಲೆಯಲ್ಲಿ ಇನ್ನೂ ಹಸಿರು ಇದ್ದರೆ ದಯವಿಟ್ಟು ಕತ್ತರಿಸಬೇಡಿ, ಪೂರ್ತಿ ಕಪ್ಪಾದುದನ್ನು ಮಾತ್ರ ತೆಗೆಯಿರಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ತೇವದ ಗಾಳಿ ಮತ್ತು ನೆರಳು, ಎರಡನ್ನೂ ಒಂದೇ ದಿನ ಕಿತ್ತುಕೊಳ್ಳಬಾರದು. ಮೊದಲ ವರ್ಷ ನಾನು ಪ್ಲಾಸ್ಟಿಕ್ ಮುಚ್ಚಳ ತೆಗೆದು ಅಂದೇ ಗಿಡವನ್ನು ಬಿಸಿಲಿಗಿಟ್ಟು ಕಳೆದುಕೊಂಡೆ, ಒಣಗಾಳಿಗೆ ಹೋಯಿತೋ ಬಿಸಿಲಿಗೆ ಹೋಯಿತೋ ತಿಳಿಯಲೇ ಇಲ್ಲ. ಈಗ ಮೊದಲ ವಾರ ಗಿಡವನ್ನು ಬೆಳಕಿರುವ ನೆರಳಿನಲ್ಲಿ ತೆರೆದ ಗಾಳಿಗೆ ಮಾತ್ರ ಒಗ್ಗಿಸುತ್ತೇನೆ. ಎರಡನೆಯ ವಾರ ಬೆಳಗಿನ ಒಂದು ಗಂಟೆಯ ಬಿಸಿಲಿನಿಂದ ತೊಡಗಿ, ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ಹೆಚ್ಚಿಸುತ್ತ ಹೋಗುತ್ತೇನೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹನ್ನೊಂದರಿಂದ ಮೂರರವರೆಗೆ ಅರ್ಧದಷ್ಟು ಬಿಸಿಲು ತಡೆಯುವ (ಶೇ. 50ರ) ಶೇಡ್ ನೆಟ್ ಇರಲೇಬೇಕು. ಹೊಸ ಎಲೆ ಗಿಡ್ಡ ತೊಟ್ಟಿನೊಂದಿಗೆ ನೆಲಕ್ಕೆ ಒರಗಿ ಬಂದು, ಎಲೆಯ ತುದಿಯಲ್ಲಿರುವ ಕೀಟ ಹಿಡಿಯುವ ಬಲೆಯ ಒಳಮೈ ಕೆಂಪಾಗತೊಡಗಿದರೆ ಬೆಳಕು ಒಗ್ಗಿದೆ ಎಂದು ತಿಳಿಯಿರಿ. ಆ ಕೆಂಪನ್ನು ಸುಟ್ಟ ಗುರುತೆಂದು ಭಾವಿಸಿ ಗಿಡವನ್ನು ಮತ್ತೆ ಒಳಗೆ ಒಯ್ಯುವವರಿದ್ದಾರೆ. ಸುಟ್ಟ ಕಲೆ ಬಿಸಿಲಿಗೆ ಮುಖ ಮಾಡಿದ ಭಾಗದಲ್ಲಿ ಬಿಳಿಚಿಕೊಂಡು ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ.

ಎಲೆಗಿಂತಲೂ ಬೇರು ಬಿಸಿಯಾಗುವುದು ಹೆಚ್ಚು ಅಪಾಯಕರ. ಮಧ್ಯಾಹ್ನ ಎರಡು ಗಂಟೆಗೆ ತಮ್ಮ ಕಪ್ಪು ಪಾಟಿನ ಬಿಸಿಲು ಬೀಳುವ ಬದಿಗೆ ಅಂಗೈ ಇಟ್ಟು ನೋಡಿ, ಇಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಂತಾದರೆ ಒಳಗಿನ ಪೀಟ್ ಮಾಸ್ (ಮಣ್ಣಿನ ಬದಲು ತುಂಬುವ, ಕೊಳೆತ ಪಾಚಿ) ಕೂಡ ಬೇಯುತ್ತಿದೆ ಎಂದೇ ಅರ್ಥ. ಬಿಳಿ ಪಾಟು ಬಳಸಿ, ಇಲ್ಲವೇ ಈ ಪಾಟನ್ನೇ ಇನ್ನೊಂದು ದೊಡ್ಡ ಪಾಟಿನೊಳಗೆ ಇಳಿಸಿ. ಕಾದ ಕಾಂಕ್ರೀಟಿನ ಮೇಲೆ ನೇರವಾಗಿ ಇಡದೆ ಹಲಗೆಯ ಮೇಲಿಡಿ.

ಫ್ಲೈಟ್ರ್ಯಾಪಿನ ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ಸದಾ ಇರಲಿ. ಅದು ಮಳೆನೀರೋ 50 ಪಿಪಿಎಂಗಿಂತ ಕಡಿಮೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಇರುವ ಆರ್‌ಒ ನೀರೋ ಆಗಿರಬೇಕು. ಮನೆಯ ಆರ್‌ಒ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳು ರುಚಿಗೆಂದು ಖನಿಜ ಸೇರಿಸುತ್ತವೆ, ಆದ್ದರಿಂದ ಟಿಡಿಎಸ್ ಮೀಟರ್ ಹಾಕಿ ನೋಡುವುದು ಒಳ್ಳೆಯದು. ಬೋರ್‌ವೆಲ್ ನೀರು ಬೇಡವೇ ಬೇಡ, ಬಿಸಿಲಿನಲ್ಲಿ ನೀರು ಆರಿದಷ್ಟೂ ಅದರ ಲವಣ ಬೇರಿನ ಸುತ್ತ ಉಳಿಯುತ್ತದೆ.

ಹೂಜಿ ಗಿಡವನ್ನು ಈ ಕ್ರಮದಿಂದ ಹೊರಗಿಡಿ. ಅಂಗಡಿಗಳಲ್ಲಿ ಸಿಗುವ ಮಿಶ್ರತಳಿಗಳಿಗೆ ಬೆಳಗಿನ ಎರಡು ಮೂರು ಗಂಟೆಯ ಬಿಸಿಲು, ಉಳಿದ ಹೊತ್ತು ಸೋಸಿದ ಬೆಳಕು ಸಾಕು, ಪಾಟಿನಡಿ ನೀರು ನಿಲ್ಲಲೂಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಅಕ್ಟೋಬರಿನಲ್ಲಿ ಎಚ್ಚರವಿರಲಿ. ಮಳೆಗಾಲದ ಮೋಡದಡಿ ಮೂಡಿದ ಎಲೆಗಳು ಮತ್ತೆ ನೆರಳಿನ ಎಲೆಗಳೇ ಆಗಿರುತ್ತವೆ, ಬಾನು ತೆರವಾದ ಮೊದಲ ವಾರ ನಾನು ಶೇಡ್ ನೆಟ್ಟನ್ನು ಮತ್ತೆ ಕಟ್ಟುತ್ತೇನೆ.