ಮಗಳ ಗೋಲ್ ಯಾಕೆ ಕೊಡಲಿಲ್ಲ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸ್. ಈ ವರ್ಷ ಶಾಲೆಯ ಫುಟ್‌ಬಾಲ್ ಟೀಮಿಗೆ ಸೇರಿದ್ದಾಳೆ. ಮೊನ್ನೆ ನೆಹರೂ ಮೈದಾನದಲ್ಲಿ ಮ್ಯಾಚ್ ಇತ್ತು, ಮಳೆಯಲ್ಲೇ ಕೊಡೆ ಹಿಡಿದುಕೊಂಡು ನೋಡಿದೆ. ಅವಳು ಗೋಲ್ ಹೊಡೆದಾಗ ನಾನು ಕೂಗಿದ್ದೇ ಕೂಗಿದ್ದು. ನೋಡಿದರೆ ಬದಿಯಲ್ಲಿದ್ದವರು ಬಾವುಟ ಎತ್ತಿದ್ದಾರೆ, ಆಫ್‌ಸೈಡ್ ಅಂತೆ! ಬಾಲ್ ಸಿಕ್ಕಿದಾಗ ಕೀಪರ್ ಬಿಟ್ಟರೆ ಅವಳ ಎದುರು ಯಾರೂ ಇರಲಿಲ್ಲ, ಯಾರನ್ನೂ ತಳ್ಳಲೂ ಇಲ್ಲ. ಮತ್ತೆ ತಪ್ಪು ಎಂಥದ್ದು? ಕೇಳಿದರೆ "ನಿನಗೆ ಅರ್ಥ ಆಗಲ್ಲ ಬಿಡಮ್ಮ" ಅಂತಾಳೆ.
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಎದುರು ಯಾರೂ ಇರಲಿಲ್ಲ ಅಂದಿರಲ್ಲ, ತಕರಾರು ಇರುವುದೇ ಅಲ್ಲಿ ಮಾರಾಯ್ರೆ!

ನಾವು ಸಣ್ಣವರಿರುವಾಗ ಕೊಯ್ಲಾದ ಗದ್ದೆಯಲ್ಲಿ ಎರಡು ಜೊತೆ ಚಪ್ಪಲಿ ಇಟ್ಟು ಅದನ್ನೇ ಗೋಲ್ ಅಂತ ಮಾಡಿ ಆಡುತ್ತಿದ್ದೆವು. ಓಡಲು ಉದಾಸೀನ ಆದವನೊಬ್ಬ ಎದುರಿನವರ ಚಪ್ಪಲಿ ಹತ್ತಿರವೇ ಠಿಕಾಣಿ ಹೂಡುತ್ತಿದ್ದ. ಬಾಲ್ ಬಂದರೆ ಸುಮ್ನೆ ಕಾಲು ತಾಗಿಸಿದರಾಯಿತು, ಗೋಲ್. ಹೀಗೆ ಕಾದು ಕೂರುವವರನ್ನು ತಡೆಯಲಿಕ್ಕೇ ಆಫ್‌ಸೈಡ್ ನಿಯಮ ಇರುವುದು.

ನಿಯಮ ಇಷ್ಟೇ. ನಿಮ್ಮ ಮಗಳಿಗೆ ಪಾಸ್ ಬರುವಾಗ, ಅವಳು ಎದುರಾಳಿಗಳ ಅರ್ಧದಲ್ಲಿದ್ದು ಬಾಲಿಗಿಂತ ಮುಂದೆ ಇದ್ದರೆ, ಗೋಲ್ ಗೆರೆಗೂ ಅವಳಿಗೂ ನಡುವೆ ಎದುರಾಳಿಗಳು ಕಡಿಮೆ ಅಂದರೂ ಇಬ್ಬರು ಇರಬೇಕು. ಸಾಮಾನ್ಯವಾಗಿ ಒಬ್ಬಳು ಗೋಲ್‌ಕೀಪರ್, ಇನ್ನೊಬ್ಬಳು ಕೊನೆಯ ಡಿಫೆಂಡರ್, ಅಂದರೆ ಗೋಲ್ ಆಗದಂತೆ ಹಿಂದೆ ನಿಂತು ತಡೆಯುವವಳು. ಆ ಡಿಫೆಂಡರಿಗೆ ಸಮ ಸಮ ನಿಂತಿದ್ದರೂ ಪರವಾಗಿಲ್ಲ. ಕೈ ಲೆಕ್ಕಕ್ಕಿಲ್ಲ, ತಲೆಯೋ ಮೈಯೋ ಕಾಲೋ ದಾಟಿದ್ದರೆ ಮಾತ್ರ ಆಫ್‌ಸೈಡ್. ಈಗ ಇಬ್ಬರು ಸಾಕು ಅನ್ನುತ್ತೇವೆ, 1925ರವರೆಗೆ ಮೂವರು ಬೇಕಿತ್ತು. ಆಗ ಗೋಲ್ ಹೊಡೆಯುವುದು ಎಷ್ಟು ಕಷ್ಟ ಇದ್ದಿರಬಹುದು ಯೋಚಿಸಿ.

ನೀವು ಎಡವಿದ್ದು ಬೇರೆ ಕಡೆ. "ಬಾಲ್ ಸಿಕ್ಕಿದಾಗ" ಅಂತ ಬರೆದಿದ್ದೀರಿ. ರೆಫರಿ ನೋಡುವುದು ಬಾಲ್ ಸಿಕ್ಕಿದ ಹೊತ್ತನ್ನಲ್ಲ, ಪಾಸ್ ಕೊಡುವವಳ ಕಾಲು ಬಾಲಿಗೆ ತಾಗಿದ ಕ್ಷಣವನ್ನು! ಆ ಕ್ಷಣದಲ್ಲಿ ಮಗಳು ಡಿಫೆಂಡರಿಗಿಂತ ಹಿಂದೆ ಇದ್ದು, ಆಮೇಲೆ ಓಡಿ ಅವಳನ್ನು ದಾಟಿ ಒಬ್ಬಳೇ ಬಾಲ್ ಹಿಡಿದಿದ್ದರೆ ಗೋಲ್ ಸರಿಯೇ. ಮೊದಲೇ ಅಲ್ಲಿ ನಿಂತಿದ್ದರೆ, ಬಾಲ್ ಬರುವಷ್ಟರಲ್ಲಿ ನಾಲ್ಕು ಜನ ಡಿಫೆಂಡರುಗಳು ವಾಪಸ್ ಬಂದು ಸುತ್ತ ನಿಂತರೂ ಆಫ್‌ಸೈಡೇ.

ನಮ್ಮೂರ ಮಳೆಗಾಲದಲ್ಲಿ ಈ ತಪ್ಪು ಜಾಸ್ತಿ. ಗದ್ದೆಯಂತಾದ ಮೈದಾನದಲ್ಲಿ ಉದ್ದಕ್ಕೆ ಹೊಡೆದ ಬಾಲ್ ಉರುಳುವುದಿಲ್ಲ, ಕೆಸರು ನೀರಿನಲ್ಲಿ ಪಚಕ್ ಅಂತ ನಿಂತುಬಿಡುತ್ತದೆ. ಎರಡು ಸಲ ಹಾಗಾದರೆ ಮುಂದೆ ಆಡುವ ಮಕ್ಕಳು ಓಡುವುದನ್ನು ಬಿಟ್ಟು ಹೊಂಡದ ಆಚೆಯೇ ಹೋಗಿ ಕಾಯುತ್ತಾರೆ. ನಿಮ್ಮ ಮಗಳೂ ಹಾಗೇ ಮಾಡಿರಬಹುದು ಅಂತ ನನ್ನ ಅಂದಾಜು, ನಾನು ಮ್ಯಾಚ್ ನೋಡಿಲ್ಲ.

ಥ್ರೋ ಇನ್ (ಬದಿಗೆರೆಯಿಂದ ಕೈಯಲ್ಲಿ ಎಸೆಯುವುದು), ಕಾರ್ನರ್ (ಮೈದಾನದ ಮೂಲೆಯಿಂದ ಹೊಡೆಯುವುದು), ಗೋಲ್ ಕಿಕ್ (ತಮ್ಮ ಗೋಲಿನ ಎದುರಿನಿಂದ ಹೊಡೆಯುವುದು) ಈ ಮೂರರಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡ್ ಇಲ್ಲ. ಸುಮ್ನೆ ಆ ಜಾಗದಲ್ಲಿ ನಿಂತಿದ್ದೂ ತಪ್ಪಲ್ಲ. ಬಾಲ್ ಮುಟ್ಟಿದರೆ, ಅಥವಾ ಕೀಪರಿನ ಕಣ್ಣಿಗೆ ಅಡ್ಡ ನಿಂತರೆ, ಆಗ ಬಾವುಟ ಏಳುತ್ತದೆ.

ಮುಂದಿನ ಮ್ಯಾಚಿಗೆ ಗೋಲಿನ ಹಿಂದೆ ನಿಲ್ಲಬೇಡಿ. ಬದಿಗೆರೆಯ ಆಚೆ, ಕೊನೆಯ ಡಿಫೆಂಡರಿಗೆ ನೇರವಾಗಿ ನಿಲ್ಲಿ. ಪಾಸ್ ಹೊಡೆಯುವ ಸದ್ದು ಕೇಳಿದ ಕೂಡಲೇ ಬಾಲ್ ನೋಡದೆ ಮಗಳನ್ನು ನೋಡಿ. ಬಾವುಟ ಎತ್ತುವವರು ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಪ್ರಶ್ನೆ: ಸಂಜೆ ನಾವು ಹುಡುಗರು ಮಲ್ಪೆ ಬೀಚಿನಲ್ಲಿ ಆಡುತ್ತೇವೆ. ಬಾಲ್ ಕೈಗೆ ತಾಗಿದರೆ ಸಾಕು, ಜಗಳ ಶುರು. ತಾಗಿದ್ದೆಲ್ಲ ಹ್ಯಾಂಡ್‌ಬಾಲಾ?
– ಕಾಲೇಜು ವಿದ್ಯಾರ್ಥಿ, ಉಡುಪಿ

ಉತ್ತರ: ಅಲ್ಲ. ಬೇಕಂತಲೇ ಮುಟ್ಟಿದ್ದರೆ ತಪ್ಪು. ಕೈ ಅಗಲಿಸಿ ಮೈಯನ್ನು ಸುಮ್ನೆ ದೊಡ್ಡದು ಮಾಡಿಕೊಂಡಿದ್ದಾಗ ತಾಗಿದರೂ ತಪ್ಪು. ಮೈಗೆ ಅಂಟಿಕೊಂಡಿದ್ದ ಕೈಗೆ ಹತ್ತಿರದಿಂದ ಬಂದು ಬಡಿದರೆ ಸಾಮಾನ್ಯವಾಗಿ ಆಟ ಮುಂದುವರಿಯುತ್ತದೆ. ಭುಜ ಕೈಯಲ್ಲ, ಕಂಕುಳಿನ ಮಟ್ಟಕ್ಕಿಂತ ಕೆಳಗಿನದ್ದು ಮಾತ್ರ ಕೈ. ಒಂದು ಮಾತ್ರ ನೆನಪಿಡಿ: ಗೋಲ್ ಹೊಡೆದವನ ಕೈಗೆ ತಾಗಿ ಬಾಲ್ ನೇರ ಒಳಗೆ ಹೋದರೆ, ಗೊತ್ತಿಲ್ಲದೆ ತಾಗಿದ್ದರೂ ಆ ಗೋಲ್ ಸಿಗುವುದಿಲ್ಲ. ಅಲ್ಲಿಗೆ ನಿಮ್ಮ ಅರ್ಧ ಜಗಳ ಮುಗಿಯಿತು ಅಲ್ವಾ? ಉಳಿದರ್ಧಕ್ಕೆ ಆಡದೆ ಕೂತವನೊಬ್ಬನ ಕೈಗೆ ಸೀಟಿ ಕೊಡಿ.