ಓದುಗರ ಪ್ರಶ್ನೆಗೆ ಉತ್ತರ: ಹಳೆಯ ಡೀಸೆಲ್ ಎಂಜಿನ್‌ಗೆ ಫ್ಲೈವೀಲ್ ಕೂರಿಸುವುದು

ಪ್ರಶ್ನೆ: ಕ್ಲಚ್ ಬದಲಿಸಲೆಂದು ಗೇರ್‌ಬಾಕ್ಸ್ ಇಳಿಸಿದ್ದೇವೆ. ಫ್ಲೈವೀಲ್ (ಎಂಜಿನ್ನಿನ ಕ್ರ್ಯಾಂಕ್ ದಂಡದ ತುದಿಗೆ ಕೂರುವ ಭಾರದ ಚಕ್ರ) ಮೇಲೆ ನೀಲಿ ಕಲೆಗಳೂ ಉಗುರಿಗೆ ತಾಗುವಷ್ಟು ಗೀರುಗಳೂ ಇವೆ. ಲೇತ್‌ಗೆ ಹಾಕಿಸಿದರೆ ಸಾಕೇ, ಹೊಸದೇ ಬೇಕೇ?

ಮೊದಲು ಅದು ಒಂದೇ ಎರಕದ್ದೋ, ಡ್ಯುಯಲ್ ಮಾಸ್ ಬಗೆಯದ್ದೋ ನೋಡಿ. ಎರಡು ತಟ್ಟೆಗಳಿದ್ದು, ಹೊರಗಿನದನ್ನು ಕೈಯಿಂದ ತಿರುಚಿದಾಗ ಸ್ಪ್ರಿಂಗ್ ಒತ್ತಿದಂತೆ ಸ್ವಲ್ಪ ತಿರುಗಿದರೆ ಅದು ಡ್ಯುಯಲ್ ಮಾಸ್. ಅಂಥದ್ದರ ಮುಖ ಹಾಳಾಗಿದ್ದರೆ ಉಜ್ಜಿಸಲು ಹೋಗಬೇಡಿ, ಬದಲಿಸಿಬಿಡಿ.

ಒಂದೇ ಎರಕದ್ದಾದರೆ ಉಳಿಸಿಕೊಳ್ಳಬಹುದು. ಆದರೆ ಲೇತ್ ಬೇಡ, ಗ್ರೈಂಡಿಂಗ್ ಮಾಡಿಸಿ. ನೀಲಿ ಕಲೆ ಎಂದರೆ ಅಲ್ಲಿ ಲೋಹ ಕಾದು ಗಟ್ಟಿಯಾಗಿದೆ ಎಂದರ್ಥ. ಲೇತ್‌ನ ಉಳಿ ಆ ಜಾಗ ಬಂದಾಗ ಕೊರೆಯದೆ ಮೇಲೆ ಹತ್ತಿ ಇಳಿಯುತ್ತದೆ, ಅಲ್ಲೊಂದು ಸಣ್ಣ ದಿಬ್ಬ ಉಳಿಯುತ್ತದೆ. ಮುಂದೆ ಕ್ಲಚ್ ಬಿಡುವಾಗ ಗಾಡಿ ಅದುರುವುದು ಈ ದಿಬ್ಬಗಳಿಂದಲೇ. ಕೆಲವು ಫ್ಲೈವೀಲ್‌ಗಳಲ್ಲಿ ಕ್ಲಚ್ ಪ್ಲೇಟ್ ಉಜ್ಜುವ ಮುಖ ಒಂದು ಮಟ್ಟದಲ್ಲಿ, ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ಕೂರುವ ಅಂಚು ಇನ್ನೊಂದು ಮಟ್ಟದಲ್ಲಿ ಇರುತ್ತದೆ. ಒಂದರಿಂದ ಎಷ್ಟು ತೆಗೆದರೋ ಇನ್ನೊಂದರಿಂದಲೂ ಅಷ್ಟೇ ತೆಗೆಯಬೇಕು, ಇಲ್ಲದಿದ್ದರೆ ಒತ್ತುವ ಬಲ ಕಡಿಮೆಯಾಗಿ ಹೊಸ ಕ್ಲಚ್ಚೂ ಜಾರುತ್ತದೆ. ಬೋಲ್ಟ್ ತೂತಿನವರೆಗೆ ಬಿರುಕು ಹೋಗಿದ್ದರೆ ಗುಜರಿಗೆ ಹಾಕಿ, ಯೋಚನೆಯೇ ಬೇಡ.

ಪ್ರಶ್ನೆ: ಕೂರಿಸುವ ಕ್ರಮ ತಿಳಿಸಿ. ಹಳೆಯ ಬೋಲ್ಟ್‌ಗಳು ನೋಡಲು ಚೆನ್ನಾಗಿಯೇ ಇವೆ, ಅವನ್ನೇ ಹಾಕಬಹುದೇ?

ಬೋಲ್ಟ್ ವಿಷಯ ಮೊದಲು. ಬಹಳಷ್ಟು ಎಂಜಿನ್‌ಗಳಲ್ಲಿ ಇವು ಬಿಗಿಯುವಾಗ ಹಿಗ್ಗಿ ಹಿಡಿದುಕೊಳ್ಳುವ ಬಗೆಯವು. ಒಮ್ಮೆ ಹಿಗ್ಗಿದ್ದು ಎರಡನೇ ಸಲ ಅಷ್ಟೇ ಬಲದಲ್ಲಿ ಹಿಡಿಯುವುದಿಲ್ಲ. ಮ್ಯಾನುಯಲ್‌ನಲ್ಲಿ ಟಾರ್ಕ್ (ತಿರುಚುವ ಬಲ) ಜೊತೆಗೆ ಆಮೇಲೆ ಇನ್ನೆಷ್ಟು ತಿರುಗಿಸಬೇಕೆಂಬ ಡಿಗ್ರಿ ಲೆಕ್ಕವೂ ಇದ್ದರೆ ಹೊಸ ಬೋಲ್ಟ್ ಬೇಕೇ ಬೇಕು. ಉದಾಹರಣೆಗೆ ಫೋಕ್ಸ್‌ವ್ಯಾಗನ್‌ನ 1.9 ಲೀಟರ್ ಡೀಸೆಲ್ ಎಂಜಿನ್‌ಗೆ 60 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ. ನಿಮ್ಮ ಎಂಜಿನ್‌ನ ಅಂಕಿಯನ್ನು ಅದರ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ.

ಫ್ಲೈವೀಲ್ ಕೆಳಗಿದ್ದಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬದಲಿಸಿ. ಮಾಮೂಲಿ ರಬ್ಬರ್ ತುಟಿಯ ಸೀಲ್‌ಗೆ ಎಣ್ಣೆ ಸವರಿ ಹಾಕಬೇಕು. ಟೆಫ್ಲಾನ್ ತುಟಿಯದ್ದಾದರೆ ಎಣ್ಣೆ ಸೋಕಿಸದೆ ಒಣಗಿದಂತೆಯೇ ಹಾಕಬೇಕು.

ಇನ್ನು ಕ್ರ್ಯಾಂಕಿನ ಫ್ಲ್ಯಾಂಜ್, ಅಂದರೆ ಫ್ಲೈವೀಲ್ ಕೂರುವ ಚಪ್ಪಟೆ ತುದಿ. ಅವಸರದಲ್ಲಿ ಹೆಚ್ಚಿನವರು ಬಿಡುವುದು ಇದನ್ನೇ. 80 ಮಿ.ಮೀ. ಅಗಲದ ಫ್ಲ್ಯಾಂಜಿನ ಒಂದು ಅಂಚಿನಲ್ಲಿ 0.05 ಮಿ.ಮೀ. ತುಕ್ಕಿನ ಚೂರು ಸಿಕ್ಕಿಕೊಂಡರೆ, 270 ಮಿ.ಮೀ. ಫ್ಲೈವೀಲ್‌ನ ಅಂಚಿನಲ್ಲಿ ಅದು 0.17 ಮಿ.ಮೀ. ಓಲಾಟವಾಗುತ್ತದೆ. ಎರಡೂ ಮುಖಗಳನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು, ಬೆರಳಾಡಿಸಿ ನೋಡಿ. ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗುತ್ತದೆ. ಸಿಕ್ಕಿದ್ದನ್ನು ಚಪ್ಪಟೆ ಸಾಣೆಕಲ್ಲಿನಿಂದ ತೆಗೆಯಿರಿ. ತೂತುಗಳೊಳಗಿನ ಹಳೆಯ ಅಂಟನ್ನೂ ಎಣ್ಣೆಯನ್ನೂ ತೆಗೆದು ಒಣಗಿಸಿ.

ಫ್ಲೈವೀಲ್ ಹತ್ತು ಕಿಲೋ ಆಸುಪಾಸು ತೂಗುತ್ತದೆ, ಮಲಗಿಕೊಂಡು ಎತ್ತಿ ಹಿಡಿದು ತೂತು ಹುಡುಕುವುದು ಕಷ್ಟ. ಅದೇ ಥ್ರೆಡ್‌ನ ಎರಡು ಉದ್ದ ಬೋಲ್ಟ್‌ಗಳ ತಲೆ ಕತ್ತರಿಸಿ, ಎದುರುಬದುರಿನ ತೂತಿಗೆ ಹಾಕಿಕೊಳ್ಳಿ. ಅವುಗಳ ಮೇಲೆ ಜಾರಿಸಿದರೆ ನೇರ ಕೂರುತ್ತದೆ. ಸಾಮಾನ್ಯವಾಗಿ ಒಂದು ತೂತು ಸ್ವಲ್ಪ ಸರಿದಿರುತ್ತದೆ ಅಥವಾ ಡೋವೆಲ್ ಪಿನ್ (ಜಾಗ ಹೊಂದಿಸುವ ಗೂಟ) ಇರುತ್ತದೆ, ಹಾಗಾಗಿ ಒಂದೇ ರೀತಿಯಲ್ಲಿ ಹೊಂದುತ್ತದೆ. ಎರಡೂ ಇಲ್ಲದಿದ್ದರೆ ಬಿಚ್ಚುವ ಮೊದಲೇ ಗುರುತು ಹಾಕಿಕೊಂಡಿರಬೇಕು, ಏಕೆಂದರೆ ಟೈಮಿಂಗ್ ಗುರುತು ಫ್ಲೈವೀಲ್ ಮೇಲೆಯೇ ಇರಬಹುದು.

ಎಲ್ಲ ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ, ಎದುರುಬದುರು ಕ್ರಮದಲ್ಲಿ ಎರಡು ಮೂರು ಹಂತಗಳಲ್ಲಿ ಬಿಗಿಯಿರಿ. ಆಗ ಎಂಜಿನ್ ತಿರುಗದಂತೆ ರಿಂಗ್ ಗೇರ್ (ಫ್ಲೈವೀಲ್ ಸುತ್ತಲಿನ ಹಲ್ಲಿನ ಬಳೆ) ಹಲ್ಲಿಗೆ ಲಾಕ್ ಹಾಕಿ. ಟೈಮಿಂಗ್ ಪಿನ್ (ಟೈಮಿಂಗ್ ಹೊಂದಿಸುವಾಗ ಎಂಜಿನ್ ತಿರುಗದಂತೆ ತೂರಿಸುವ ಕಡ್ಡಿ) ಮೇಲೆ ಈ ಭಾರ ಬಿಡಬೇಡಿ, ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಕೊನೆಗೆ ಓಲಾಟ ಅಳೆಯಲು ಡಯಲ್ ಗೇಜ್ (ಸೂಕ್ಷ್ಮ ಅಳತೆ ತೋರಿಸುವ ಮಾಪಕ) ಇಟ್ಟು ಒಂದು ಸುತ್ತು ತಿರುಗಿಸಿ. ತಿರುಗಿಸುವಾಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದಿರಿ, ಇಲ್ಲದಿದ್ದರೆ ಕ್ರ್ಯಾಂಕ್ ಹಿಂದೆ ಮುಂದೆ ಆಡುವುದೂ ಗೇಜಿನ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ: ರಿಂಗ್ ಗೇರ್‌ನ ಹಲ್ಲು ಎದುರುಬದುರಾದ ಎರಡು ಜಾಗದಲ್ಲಿ ಮಾತ್ರ ಸವೆದಿದೆ. ಏಕೆ?

ನಾಲ್ಕು ಸಿಲಿಂಡರ್ ಎಂಜಿನ್ ಆರುವಾಗ ಕಂಪ್ರೆಶನ್ ತಡೆದು ಹೆಚ್ಚುಕಡಿಮೆ ಅದೇ ಎರಡು ಜಾಗಗಳಲ್ಲಿ ನಿಲ್ಲುತ್ತದೆ. ಸ್ಟಾರ್ಟರ್ ಪ್ರತಿ ಸಲ ಅಲ್ಲಿಯೇ ಕಚ್ಚುತ್ತದೆ. ರಿಂಗ್ ಒಂದನ್ನೇ ಬದಲಿಸಬಹುದು. ಹೊಸ ರಿಂಗನ್ನು ಒಲೆಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹಿಗ್ಗಿ ತಾನಾಗಿ ಬೀಳುತ್ತದೆ. ಗ್ಯಾಸ್ ಕಟ್ಟರ್‌ನಲ್ಲಿ ಕೆಂಪಗೆ ಕಾಯಿಸಿದರೆ ಹಲ್ಲಿನ ಗಟ್ಟಿತನವೇ ಹೋಗುತ್ತದೆ. ಹಲ್ಲಿನ ಓರೆ ಮಾಡಿದ ಬದಿ ಸ್ಟಾರ್ಟರ್ ಗೇರ್ ಬಂದು ಹೊಕ್ಕುವ ಕಡೆಗೆ ಇರಲಿ.

ಪ್ರಶ್ನೆ: ಕೂರಿಸಿ ಎರಡು ವಾರವಾಯಿತು, ಗೇರ್‌ಬಾಕ್ಸ್ ಬುಡದಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ಸೀಲ್ ಹಾಳಾಗಿದೆಯೇ?

ಸೀಲ್ ಇರಬಹುದು, ಬೋಲ್ಟೂ ಇರಬಹುದು. ಕೆಲವು ಎಂಜಿನ್‌ಗಳಲ್ಲಿ ಬೋಲ್ಟ್ ತೂತು ಒಳಗಿನ ಎಣ್ಣೆಯವರೆಗೆ ತೆರೆದಿರುತ್ತದೆ. ಥ್ರೆಡ್‌ಗೆ ಸೀಲಂಟ್ ಹಚ್ಚದಿದ್ದರೆ ಅಲ್ಲಿಂದಲೇ ಹೊರಬರುತ್ತದೆ. ಗೇರ್‌ಬಾಕ್ಸ್ ಇಳಿಸಿದ ಕೂಡಲೇ ಒರೆಸಬೇಡಿ, ಮೊದಲು ಜಾಡು ನೋಡಿ. ಬೋಲ್ಟ್ ತಲೆಗಳಿಂದ ಸೂರ್ಯನ ಕಿರಣದಂತೆ ಹೊರಕ್ಕೆ ಚಿಮ್ಮಿದ ಗೆರೆಗಳಿದ್ದರೆ ಬೋಲ್ಟಿನದ್ದು. ಕ್ಲಚ್ ಕಡೆ ಒಣಗಿದ್ದು, ಫ್ಲೈವೀಲ್‌ನ ಬೆನ್ನು ಮಾತ್ರ ಒದ್ದೆಯಾಗಿದ್ದರೆ ಸೀಲಿನದ್ದು. ಎಣ್ಣೆ ಡೀಸೆಲ್ ಎಂಜಿನ್‌ನದ್ದರಂತೆ ಕಪ್ಪಗಿಲ್ಲದೆ ಗಂಧಕದ ಘಾಟು ಹೊಡೆದರೆ ಅದು ಗೇರ್ ಆಯಿಲ್. ಆಗ ಬದಲಿಸಬೇಕಾದದ್ದು ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಸೀಲ್. ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ಮಾತ್ರ ತೊಳೆದು ಮತ್ತೆ ಹಾಕಬೇಡಿ, ಕಾದಾಗ ಒಳಗಿನ ಎಣ್ಣೆ ಮೇಲೆ ಬಂದೇ ಬರುತ್ತದೆ.