ಮೆದುಳಿಗೆ ಹಬ್ಬಿದ ಕ್ಯಾನ್ಸರ್‌ಗೆ ಲೇಸರ್ ಮಾಡಿಸಬಹುದಾ?

ನಿಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್ ಮೆದುಳಿಗೆ ಹಬ್ಬಿ, ಹೋದ ವರ್ಷ ಆ ಗಡ್ಡೆಗೆ ರೇಡಿಯೇಶನ್ ಆಗಿದೆ. ಈಗ ಎಂಆರ್‌ಐಯಲ್ಲಿ ಅದೇ ಜಾಗ ದೊಡ್ಡದಾಗಿ ಕಾಣುತ್ತಿದೆ. ಅಮೆರಿಕದಲ್ಲಿರುವ ನಿಮ್ಮ ತಮ್ಮ ಲೇಸರ್ ಮಾಡಿಸೋಣ ಅಂತಿದ್ದಾರೆ, ಮುಧೋಳದಲ್ಲಿರುವ ನಾವು ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಬೆಳಗಾವಿಯಲ್ಲಿ ಎಂಆರ್‌ಐ ಟೆಕ್ನಿಶಿಯನ್. ಡಾಕ್ಟರ್ ಅಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಲೇಸರ್ ಮಾತು ಆಮೇಲೆ. ಮೊದಲು ಎಂಆರ್‌ಐಯಲ್ಲಿ ಕಾಣುವ ಆ ಬಿಳಿ ಮಚ್ಚೆ ಏನು ಅಂತ ಗೊತ್ತಾಗಬೇಕು. ರೇಡಿಯೇಶನ್ ಆದ ಕೆಲವು ತಿಂಗಳಿಗೋ ವರ್ಷಕ್ಕೋ ಆ ಜಾಗದ ಮೆದುಳಿನ ಭಾಗ ಸತ್ತು ಊದಿಕೊಳ್ಳುವುದುಂಟು. ಅದಕ್ಕೆ ನೆಕ್ರೋಸಿಸ್ ಅಂತಾರೆ. ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ನರಕ್ಕೆ ಚುಚ್ಚುವ ಔಷಧಿ) ಕೊಟ್ಟು ತೆಗೆದ ಸ್ಕ್ಯಾನಿನಲ್ಲಿ ಅದೂ ಬಿಳಿ ಉಂಗುರ, ಮರಳಿ ಬೆಳೆದ ಗಡ್ಡೆಯೂ ಬಿಳಿ ಉಂಗುರ. ರಕ್ತದ ಹರಿವು ನೋಡುವ ಪರ್ಫ್ಯೂಶನ್ ಎಂಆರ್‌ಐ, ರಾಸಾಯನಿಕಗಳನ್ನು ನೋಡುವ ಸ್ಪೆಕ್ಟ್ರೋಸ್ಕೋಪಿ, ಪೆಟ್ ಸ್ಕ್ಯಾನ್ ಒಂದಿಷ್ಟು ಸುಳಿವು ಕೊಡುತ್ತವೆ. ಖಚಿತವಾಗಿ ಹೇಳುವುದು ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಮಾತ್ರ. ನೆಕ್ರೋಸಿಸ್ ಆಗಿದ್ದರೆ ಎಷ್ಟೋ ಜನರಿಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್‌ನಲ್ಲೇ ಊತ ಇಳಿಯುತ್ತದೆ, ಕೆಲವರಿಗೆ ಬೆವಾಸಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. (ಅವ್ವನಿಗೆ ಶುಗರ್ ಇದ್ದರೆ ಡೆಕ್ಸಾ ಶುರುವಾದ ದಿನದಿಂದಲೇ ಚೆಕ್ ಮಾಡಿಸಿ, ಸಿಕ್ಕಾಪಟ್ಟೆ ಏರುತ್ತದೆ.)

ಇನ್ನು ಲೇಸರ್. ಗಾಮಾ ನೈಫ್ ಹೆಸರು ಕೇಳಿ ಅದೇ ಲೇಸರ್ ಅಂದುಕೊಳ್ಳುವವರು ಬಹಳ. ಅಲ್ಲ, ಅದು ರೇಡಿಯೇಶನ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇರುವುದು ಅದು. ನಿಮ್ಮ ತಮ್ಮ ಹೇಳುತ್ತಿರುವುದು ಲಿಟ್ (LITT, ಲೇಸರ್ ಶಾಖದಿಂದ ಗಡ್ಡೆ ಸುಡುವುದು) ಅನ್ನುವ ಬೇರೆ ಚಿಕಿತ್ಸೆ. ಅಮೆರಿಕದಲ್ಲಿ ಇದರ ವಿಷುಅಲೇಸ್ ಉಪಕರಣಕ್ಕೆ 2007ರಲ್ಲಿ, ನ್ಯೂರೋಬ್ಲೇಟ್‌ಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ತಲೆಬುರುಡೆಗೆ ಸಣ್ಣ ತೂತು ಹಾಕಿ, ಬಾಲ್‌ಪೆನ್ ರೀಫಿಲ್‌ನಷ್ಟು ತೆಳುವಾದ ಕಡ್ಡಿಯನ್ನು ಗಡ್ಡೆಯ ನಡುವಿಗೆ ಇಳಿಸುತ್ತಾರೆ. ತುದಿಯಿಂದ ಲೇಸರ್ ಬಿಟ್ಟು ಒಳಗಿನಿಂದಲೇ ಬಿಸಿ ಮಾಡುತ್ತಾರೆ. 43 ಡಿಗ್ರಿಯಲ್ಲಿ ಕೆಲವು ನಿಮಿಷ ಇದ್ದರೂ ಜೀವಕೋಶಕ್ಕೆ ಪೆಟ್ಟು ಬೀಳುತ್ತದೆ, 60 ದಾಟಿದರೆ ಕ್ಷಣದಲ್ಲೇ ಸಾಯುತ್ತದೆ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸಿದ್ದು ನಮ್ಮ ಮಷಿನ್ನಿನ ಪಾಲು. ರೋಗಿ ಎಂಆರ್‌ಐ ಒಳಗೇ ಇರುತ್ತಾರೆ. ಬಿಸಿ ಏರಿದಂತೆ ದೇಹದ ನೀರಿನಿಂದ ಬರುವ ಸಿಗ್ನಲ್‌ನ ಫ್ರೀಕ್ವೆನ್ಸಿ ಚೂರು ಬದಲಾಗುತ್ತದೆ. ಅದನ್ನು ಲೆಕ್ಕ ಹಾಕಿ, ಎಲ್ಲಿ ಎಷ್ಟು ಬಿಸಿ ಅಂತ ಕೆಲವೇ ಸೆಕೆಂಡಿಗೊಮ್ಮೆ ಬಣ್ಣದ ನಕ್ಷೆ ಬರುತ್ತದೆ. ಆದರೆ ಆ ಲೆಕ್ಕವೂ ತಪ್ಪಬಹುದು. ನಕ್ಷೆ ಸರಿ ಬರದೆ ಮೆದುಳು ಬೇಕಾದ್ದಕ್ಕಿಂತ ಜಾಸ್ತಿ ಬಿಸಿಯಾದೀತು ಅಂತ ಔಷಧಿ, ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತ್ತು. ಹಾಗಾಗಿ ಉಪಕರಣ ಇದ್ದರೆ ಸಾಲದು, ಆ ತಂಡ ಎಷ್ಟು ಕೇಸ್ ಮಾಡಿದೆ ಅಂತ ಮುಲಾಜಿಲ್ಲದೆ ಕೇಳಿ.

ರೇಡಿಯೇಶನ್ ಆದ ಮೇಲೂ ಬೆಳೆಯುವ, ಆಳದಲ್ಲಿರುವ, ಸುಮಾರು 3 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಇದು ಹೊಂದುತ್ತದೆ. ನೆಕ್ರೋಸಿಸ್‌ಗೂ ಬಳಸುತ್ತಾರೆ. ಅದೇ ತೂತಿನಿಂದ ಮೊದಲು ಬಯಾಪ್ಸಿಯನ್ನೂ ತೆಗೆಯಬಹುದು, ನಿಮ್ಮ ಅವ್ವನ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಗಡ್ಡೆ ದೊಡ್ಡದಾಗಿ ಮೆದುಳನ್ನು ಒತ್ತುತ್ತಿದ್ದರೆ ಮಾತ್ರ ಬೇಡ. ಲೇಸರ್ ಗಡ್ಡೆಯನ್ನು ಹೊರಗೆ ತೆಗೆಯುವುದಿಲ್ಲ, ಮೇಲಿಂದ ಊತ ಬೇರೆ ಬರುತ್ತದೆ. ಆಗ ತಲೆ ತೆರೆದು ಆಪರೇಶನ್ ಮಾಡುವುದೇ ಸರಿ. ಮೈಯಲ್ಲಿ ಬೇರೆಡೆ ಇರುವ ಕ್ಯಾನ್ಸರ್‌ಗೂ ಇದು ಏನೂ ಮಾಡದು, ಅದರ ಔಷಧಿ ನಡೆಯುತ್ತಲೇ ಇರಬೇಕು.

ಈಗಲೇ ಹೊಲ ಮಾರುವ ಮಾತು ಬೇಡ. ನಮ್ಮ ಕಡೆಯವರು ಮಿರಜ, ಸೊಲ್ಲಾಪುರ, ಬೆಳಗಾವಿ ಅಂತ ದವಾಖಾನೆ ಸುತ್ತುವಾಗ ಕೊನೆಯ ರಿಪೋರ್ಟ್ ಒಂದನ್ನೇ ಚೀಲದಲ್ಲಿ ತರುತ್ತಾರೆ. ಹಳೆಯದಿಲ್ಲದೆ ಹೋಲಿಸುವುದು ಹೇಗೆ ಅಲ್ವಾ? ರೇಡಿಯೇಶನ್‌ಗೆ ಮುಂಚಿನಿಂದ ಇವತ್ತಿನವರೆಗಿನ ಎಲ್ಲ ಎಂಆರ್‌ಐ ಸಿಡಿ ಒಟ್ಟು ಮಾಡಿ, ಫಿಲ್ಮ್ ಸಾಲದು. ರೇಡಿಯೇಶನ್ ಕೊಟ್ಟ ಕಡೆಯಿಂದ ಡೋಸ್ ಬರೆದಿರುವ ಸಮ್ಮರಿ ಮತ್ತು ಪ್ಲಾನ್ ಚಿತ್ರ ಕೇಳಿ ಪಡೆಯಿರಿ. ಇವನ್ನು ನ್ಯೂರೋಸರ್ಜನ್ ಮತ್ತು ರೇಡಿಯೇಶನ್ ಡಾಕ್ಟರ್ ಇಬ್ಬರೂ ಒಟ್ಟಿಗೆ ನೋಡುವ ಟ್ಯೂಮರ್ ಬೋರ್ಡ್ ಇರುವ ಆಸ್ಪತ್ರೆಗೆ ತೋರಿಸಿ. ಮೊದಲ ಸುತ್ತಿಗೆ ಅವ್ವನನ್ನು ಬಸ್ಸಿನಲ್ಲಿ ಕರೆದೊಯ್ಯಬೇಕೆಂದೇನಿಲ್ಲ, ಸಿಡಿಗಳನ್ನು ಹಿಡಿದು ನೀವೊಬ್ಬರೇ ಹೋದರೂ ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿ. ಆದರೆ ತಲೆನೋವು, ವಾಂತಿ ಜಾಸ್ತಿಯಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ ಕಾಯಬೇಡಿ, ಹತ್ತಿರದ ದವಾಖಾನೆಗೆ ಸೇರಿಸಿ.

ಒಂದು ವೇಳೆ ಲೇಸರ್ ಆಗಿಯೇ ಆದರೆ, ಮೊದಲ ಕೆಲವು ವಾರಗಳ ಸ್ಕ್ಯಾನಿನಲ್ಲಿ ಮಚ್ಚೆ ಮುಂಚಿಗಿಂತ ದೊಡ್ಡದಾಗಿ ಕಾಣುತ್ತದೆ. ಸುಟ್ಟ ಜಾಗ ಹಾಗೇ ಕಾಣುವುದು, ತಿಂಗಳು ಕಳೆದಂತೆ ಕುಗ್ಗುತ್ತದೆ. ತಮ್ಮನಿಗೂ ಇದನ್ನು ಮೊದಲೇ ಹೇಳಿಡಿ, ಇಲ್ಲಾಂದ್ರೆ ರಿಪೋರ್ಟ್ ವಾಟ್ಸಾಪ್‌ನಲ್ಲಿ ನೋಡಿ ಅಲ್ಲಿಂದಲೇ ಗಾಬರಿ ಮಾಡುತ್ತಾರೆ.